ಮೂರಡಿ ನೀರು: ದಿನಚರಿಯ ಪುಟಗಳು

2 ನವೆಂಬರ್ 2025, ಭಾನುವಾರ

ಟ್ಯಾಂಕ್ ಬಂತು. ಮೂರಡಿ ಉದ್ದ, ಒಂದೂಕಾಲಡಿ ಅಗಲ, ಒಂದೂವರೆ ಅಡಿ ಎತ್ತರ, 8 ಮಿಲಿಮೀಟರ್ ಗಾಜು. ಶಿವಾಜಿನಗರದ ಭಾಯ್ ಹಳೇ ಹಾಸಿಗೆಯಲ್ಲಿ ಸುತ್ತಿ ಟೆಂಪೊದಲ್ಲಿ ತಂದಿಳಿಸಿದರು. "ಸಿಲಿಕಾನ್ ಒಣಗಿ ವಾರ ಆಯ್ತು ಮೇಡಂ. ಆದ್ರೂ ಬರೀ ನೀರು ತುಂಬಿ ಎರಡು ದಿನ ಬಿಡಿ. ಸೋರೋದಾದ್ರೆ ಈಗ್ಲೇ ಸೋರ್ಲಿ" ಎಂದರು. ತಾನು ಮಾಡಿದ ಕೆಲಸದ ಬಗ್ಗೆ ಹೀಗೆ ಮಾತಾಡುವವರು ಸಿಕ್ಕುವುದೇ ಅಪರೂಪ.

ಕಂಠಮಟ್ಟ ತುಂಬಿದರೆ ಸುಮಾರು 160 ಲೀಟರ್ ಹಿಡಿಯುತ್ತದೆ. ನೀರೇ 160 ಕಿಲೋ ಆಯಿತು. ಗಾಜು, ಮಣ್ಣು, ಮರಳು, ಕಲ್ಲು ಸೇರಿದರೆ ಎರಡು ಕ್ವಿಂಟಾಲ್ ಮೀರುತ್ತದೆ. ಟೀವಿ ಮೇಜಿನ ಮೇಲೆ ಸಾಕು ಎನ್ನುತ್ತಿದ್ದ ಇವರು ಈ ಲೆಕ್ಕ ಕೇಳಿ ಸುಮ್ಮನಾದರು. ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್ ಹಾಳೆ. ಗಾಜಿನಡಿ ಒಂದು ಮರಳ ಹರಳು ಸಿಕ್ಕಿಕೊಂಡರೂ ಭಾರವೆಲ್ಲ ಅಲ್ಲೇ ಕೂತು ಬಿರುಕು ಬಿಡುತ್ತದಂತೆ.

ಜಾಗದ ವಿಷಯಕ್ಕೆ ಸಣ್ಣ ಪಂಚಾಯಿತಿಯಾಯಿತು. "ಜಲ ಅಂದಮೇಲೆ ಈಶಾನ್ಯದಲ್ಲಿರಬೇಕಮ್ಮ" ಎಂದರು ಅತ್ತೆ. ಈಶಾನ್ಯದ ಮೂಲೆಯಲ್ಲಿ ಪೂರ್ವದ ಕಿಟಕಿ, ಹತ್ತು ಗಂಟೆವರೆಗೂ ಬಿಸಿಲು. ಅಲ್ಲಿಟ್ಟರೆ ಗಿಡ ಬೇರೂರುವ ಮೊದಲೇ ಪಾಚಿ ತುಂಬಿಕೊಳ್ಳುತ್ತದೆ. ಉತ್ತರದ ಗೋಡೆಗೆ ಇಟ್ಟು, ಇದು ಕುಬೇರನ ದಿಕ್ಕು ಅತ್ತೆ ಎಂದೆ. ಒಪ್ಪಿದರು. ಕುಬೇರನಿಗೆ ಯಾರೂ ಬೇಡ ಅನ್ನುವುದಿಲ್ಲ.

9 ನವೆಂಬರ್, ಭಾನುವಾರ

ಬೆಳಿಗ್ಗೆಯಿಂದ ಮಣ್ಣಿನ ಕೆಲಸ. ಹಿತ್ತಲ ಕೆಮ್ಮಣ್ಣನ್ನು ಜರಡಿ ಹಿಡಿದು, ವಾರದಿಂದ ನೆನೆಹಾಕಿ, ತೇಲುವ ಕಸಕಡ್ಡಿಯನ್ನೆಲ್ಲ ಬಸಿದಿಟ್ಟಿದ್ದೆ. ತಳಕ್ಕೆ ಒಂದಿಂಚು ಮಣ್ಣು, ಮೇಲೆ ಒಂದೂವರೆ ಇಂಚು ತೊಳೆದ ಹೊಳೆಮರಳು. ಗೊಬ್ಬರ ಹಾಕಿದ ಮಣ್ಣು ಕೂಡದು, ನೀರು ಕೊಳೆಯುತ್ತದೆ. ಇದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ ಹೇಳಿದ ದಾರಿ: ಗಿಡಕ್ಕೆ ಮಣ್ಣೇ ಊಟ, ಮೀನಿನ ಹೊಲಸೇ ಮೇಲುಗೊಬ್ಬರ, ಸಿಲಿಂಡರ್ ತಂದು ಕಾರ್ಬನ್ ಡೈಆಕ್ಸೈಡ್ ಊದುವ ಗೋಜಿಲ್ಲ. ಜಪಾನಿನ ತಕಾಶಿ ಅಮಾನೊ ಮಾಡಿದ ಟ್ಯಾಂಕ್‌ಗಳ ಫೋಟೋ ನೋಡಿದರೆ ಕಣ್ಣು ಕೀಳಲಾಗದು, ನೀರೊಳಗೆ ಬೆಟ್ಟ ಕಣಿವೆಗಳನ್ನೇ ನಿಲ್ಲಿಸಿಬಿಡುತ್ತಿದ್ದರು. ಆದರೆ ಆ ದಾರಿಗೆ ಸಿಲಿಂಡರ್, ಕಣ್ಣು ಕೋರೈಸುವ ಲೈಟು, ದಿನದಿನದ ಗೊಬ್ಬರ, ವಾರವಾರ ಕತ್ತರಿ ಎಲ್ಲ ಬೇಕು. ನನಗೆ ಅಷ್ಟು ಸೊಂಟವಿಲ್ಲ.

ಕಲ್ಲುಗಳು ಎದುರು ಮನೆ ಕಟ್ಟುವಲ್ಲಿ ಬಿದ್ದಿದ್ದ ಗ್ರಾನೈಟ್ ಚೂರುಗಳು. ಒಂದೊಂದರ ಮೇಲೂ ನಿಂಬೆಹಣ್ಣು ಹಿಂಡಿ ನೋಡಿದೆ. ನೊರೆ ಎದ್ದರೆ ಸುಣ್ಣದ ಕಲ್ಲು. ಅದು ಕರಗುತ್ತಾ ನೀರನ್ನು ಗಡಸು ಮಾಡುತ್ತಾ ಹೋಗುತ್ತದೆ. ಒಂದೂ ನೊರೆಯಲಿಲ್ಲ. ಅತ್ತೆ ಅಡುಗೆಮನೆಯಿಂದ ಇಣುಕಿ, ಚಿತ್ರಾನ್ನಕ್ಕೆ ಇಟ್ಟ ನಿಂಬೆಹಣ್ಣು ಎಲ್ಲಿ ಎಂದು ಕೇಳಿದರು.

ನೀರಿನ ವಿಚಾರ. ಮನೆಗೆ ಕಾವೇರಿ ಲೈನೂ ಇದೆ, ಬೋರೂ ಇದೆ. ಟಿಡಿಎಸ್ ಮೀಟರ್ ಅದ್ದಿದರೆ ಬೋರಿನದು 780, ಕಾವೇರಿಯದು 190. ಕಾವೇರಿಯೇ ಸರಿ. ಆದರೆ ತೊರೆಕಾಡನಹಳ್ಳಿಯಲ್ಲಿ ಕ್ಲೋರಿನ್ ಕುಡಿದು ಬರುವ ನೀರು, ಹಾಗೇ ಸುರಿದರೆ ಮೀನಿನ ಕಿವಿರು ಸುಡುತ್ತದೆ. ಅಂಗಡಿಯಲ್ಲಿ ನೀಲಿ ಬಾಟಲಿಯಲ್ಲಿ ಮಾರುವ 'ಆಂಟಿ ಕ್ಲೋರಿನ್' ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಹೈಪೋ! ಸುಳ್ಯದ ನಮ್ಮ ಸ್ಟುಡಿಯೋದಲ್ಲಿ ಅಪ್ಪ ಫೋಟೋ ತೊಳೆಯುತ್ತಿದ್ದ ಅದೇ ಸೋಡಿಯಂ ಥಯೋಸಲ್ಫೇಟ್, ಕಲ್ಲುಸಕ್ಕರೆ ಹರಳಿನ ಹಾಗೆ ಇರುತ್ತಿತ್ತು. ಡಾರ್ಕ್‌ರೂಮ್ ಹೋದ ಮೇಲೂ ಹೈಪೋಗೆ ಕೆಲಸ ತಪ್ಪಲಿಲ್ಲ.

18 ನವೆಂಬರ್, ಮಂಗಳವಾರ

ಕಡಲೆಕಾಯಿ ಪರಿಷೆಯ ಜನಜಂಗುಳಿಯ ನಡುವೆ ಗಿಡದ ಪೊಟ್ಟಣ ಹಿಡಿದುಕೊಂಡು ಬಂದೆ. ದಾರಿಯಲ್ಲಿ ಒಬ್ಬಾಕೆ "ಏನ್ ಸೊಪ್ಪು ಅದು, ಕಟ್ಟು ಎಷ್ಟು?" ಎಂದು ಕೇಳಿದರು.

ಹಿಂದೆ ಸಾಲಾಗಿ ವ್ಯಾಲಿಸ್ನೇರಿಯಾ, ಪಕ್ಕಗಳಲ್ಲಿ ಹೈಗ್ರೊಫಿಲಾ ಮತ್ತು ರೋಟಾಲಾ, ನಡುವೆ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್. ಈ ಕೊನೆಯದು ನಮ್ಮ ಪಶ್ಚಿಮಘಟ್ಟದ ಹಳ್ಳಗಳಲ್ಲೇ ಬೆಳೆಯುವಂಥದು, ರಿಬ್ಬನ್ನಿನಂಥ ಕಿರಿದಾದ ಎಲೆ, ಅಂಚು ಅಲೆಅಲೆ. ಹೂಕುಂಡದ ನೀರುಬ್ರಾಹ್ಮಿಯ ನಾಲ್ಕು ಕಡ್ಡಿಯನ್ನೂ ಊರಿದೆ. ಜಾವಾ ಫರ್ನನ್ನು ಮಾತ್ರ ಮರಳಲ್ಲಿ ಹೂಳಬಾರದು, ಅದರ ದಪ್ಪ ಬೇರುಕಾಂಡ ಕೊಳೆತುಹೋಗುತ್ತದೆ. ಕಟ್ಟಿಗೆ ತುಂಡಿಗೆ ನೂಲಿನಲ್ಲಿ ಕಟ್ಟಿದೆ. ಗಿಡಗಳನ್ನು ಮೊದಲ ದಿನವೇ ಒತ್ತೊತ್ತಾಗಿ ನೆಡಬೇಕು. ಜಾಗ ಖಾಲಿ ಬಿಟ್ಟರೆ ಪಾಚಿ ಬಂದು ಕೂರುತ್ತದೆ.

ವ್ಯಾಲಿಸ್ನೇರಿಯಾದ ಬುಡದಲ್ಲಿ ಬಸವನಹುಳುಗಳು ಬಂದಿವೆ. ಅಂಗಡಿಯ ಹುಡುಗ ಆರಿಸಿ ಹೊಸಕಿ ಅಂದಿದ್ದ. ನಾನು ಬಿಟ್ಟೆ. 1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್ ಮತ್ತು ಇದೇ ವ್ಯಾಲಿಸ್ನೇರಿಯಾ ಇಟ್ಟುಕೊಂಡು ನೀರು ಬದಲಿಸದೆ ನಡೆಸಲು ನೋಡಿದಾಗ, ಕೊಳೆತ ಎಲೆಯಿಂದ ನೀರು ಕದಡತೊಡಗಿತು. ಕೊಳದ ಬಸವನಹುಳುಗಳನ್ನು ಬಿಟ್ಟಮೇಲೆ ಸರಿಹೋಯಿತು. ಅಷ್ಟು ಹಳೆಯ ಕೆಲಸಗಾರರನ್ನು ಬಾಗಿಲಲ್ಲೇ ಹೊಸಕುವುದು ಹೇಗೆ?

24 ನವೆಂಬರ್, ಸೋಮವಾರ

ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಕರಗಿ ಲೋಳೆಯಾದವು. ಜಾಗ ಬದಲಾದರೆ ಇದು ಹೀಗೇ ಮಾಡುತ್ತದೆ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಕಿತ್ತು ನೋಡಬಾರದು. ಇವರು ದಿನಕ್ಕೆರಡು ಸಲ ಬಂದು "ಸತ್ತೋಯ್ತಲ್ಲೇ" ಎನ್ನುತ್ತಿದ್ದಾರೆ.

29 ನವೆಂಬರ್, ಶನಿವಾರ

ಬಂದವರೆಲ್ಲ ಕೇಳುವುದು ಒಂದೇ: ಮೀನೆಲ್ಲಿ? ಲೈಟು ಉರಿಯುತ್ತದೆ, ಫಿಲ್ಟರ್ ಓಡುತ್ತದೆ, ಗಿಡ ಅಲ್ಲಾಡುತ್ತದೆ, ಮೀನಿಲ್ಲ. ಕೆಳಮನೆಯವರಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು.

ಒಳಗೆ ನಡೆಯುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. ಮೀನಿನ ಉಚ್ಚೆ, ಮಿಕ್ಕ ಆಹಾರ, ಕೊಳೆತ ಎಲೆ ಎಲ್ಲದರಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷ, ರಕ್ತಕ್ಕೆ ಸೇರಿ ಆಮ್ಲಜನಕ ಹೊರಲು ಬಿಡುವುದಿಲ್ಲ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಗಿಡ ಉಣ್ಣುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನ ಕಾಳಿನ ಮೇಲೆ, ಗಾಜಿನ ಮೈಮೇಲೆ ನೆಲೆಯೂರಲು ವಾರಗಟ್ಟಲೆ ಬೇಕು. ನಾವು ಓದಿದ ಕಾಲದಲ್ಲಿ ಎರಡನೆಯ ಕೆಲಸ ನೈಟ್ರೊಬ್ಯಾಕ್ಟರ್‌ನದು ಅಂತಿತ್ತು. ಸಿಹಿನೀರಿನ ಅಕ್ವೇರಿಯಂನಲ್ಲಿ ಅದನ್ನು ಮಾಡುವುದು ನೈಟ್ರೊಸ್ಪೈರಾ ಎಂದು 1998ರಲ್ಲಿ ಗೊತ್ತಾಯಿತು. ಆ ಹೆಸರು ತಿದ್ದದ ಪುಸ್ತಕಗಳು ನಾನಿದ್ದ ಲೈಬ್ರರಿಯಲ್ಲಿ ಇನ್ನೂ ಸಾಲಾಗಿ ನಿಂತಿರುತ್ತವೆ.

ಇಂದಿನ ಪರೀಕ್ಷೆ: ಗಾಜಿನ ನಳಿಗೆಯಲ್ಲಿ 5 ಮಿಲಿಲೀಟರ್ ನೀರು, ಅದಕ್ಕೆ ಹನಿ, ಕುಲುಕಿ ಐದು ನಿಮಿಷ. ಅಮೋನಿಯಾದ ನಳಿಗೆ ಹಳದಿಗೆ ತಿರುಗುತ್ತಾ ಬಂದಿದೆ, ಹಸಿರು ಸ್ವಲ್ಪ ಉಳಿದಿದೆ. ನೈಟ್ರೈಟ್ ನಳಿಗೆ ಮಾತ್ರ ನೇರಳೆಹಣ್ಣಿನ ಬಣ್ಣ. ಇನ್ನೂ ಕಾಯಬೇಕು. ಬ್ಯಾಕ್ಟೀರಿಯಾಗೆ ಮೇವು ಇರಲೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೇನೆ, ಇಲ್ಲದ ಮೀನಿಗೆ. ಅತ್ತೆಗೆ ಇದು ಎಡೆ ಇಟ್ಟ ಹಾಗೆ ಕಂಡಿದೆ.

14 ಡಿಸೆಂಬರ್, ಭಾನುವಾರ

ಎರಡೂ ನಳಿಗೆ ಸೊನ್ನೆ! ಒಂದು ಹಳದಿ, ಒಂದು ತಿಳಿನೀಲಿ. ಕ್ರಿಪ್ಟೊಕೊರೈನ್ ಬುಡದಿಂದ ಕಂದು ಚಿಗುರು. ಗಾಜಿನ ಮೇಲೆ ಹೊಸ ಟ್ಯಾಂಕಿಗೆಲ್ಲ ಬರುವ ಕಂದು ಧೂಳಿನಂಥ ಪಾಚಿ, ಬೆರಳಿಂದ ಒರೆಸಿದರೆ ಹೋಗುತ್ತದೆ.

ಸಂಜೆ ಅಂಗಡಿಗೆ ಹೋದೆ. ಮೀನುಗಳೆಲ್ಲ ಚೆನ್ನೈ ಕೊಳತ್ತೂರಿನ ಫಾರ್ಮ್‌ಗಳಿಂದ ಬರುವಂಥವು. ಹುಡುಗನಿಗೆ ಉಮೇದು ಜಾಸ್ತಿ. "ಆಂಟಿ, ಪ್ಲಾಂಟೆಡ್ ಟ್ಯಾಂಕಾ? ಏಂಜೆಲ್ ಎರಡು, ಟೈಗರ್ ಬಾರ್ಬ್ ಆರು, ಗೋಲ್ಡ್‌ಫಿಶ್ ಒಂದ್ ಜೊತೆ, ನಿಯಾನ್ ಹತ್ತು ಹಾಕ್ಕೊಳಿ, ಕಲರ್‌ಫುಲ್ಲಾಗಿರತ್ತೆ." ಟೈಗರ್ ಬಾರ್ಬ್ ಏಂಜೆಲ್‌ನ ಉದ್ದ ರೆಕ್ಕೆಯನ್ನು ಕಿತ್ತು ತಿನ್ನುತ್ತದೆ, ಏಂಜೆಲ್ ಬೆಳೆದಮೇಲೆ ನಿಯಾನನ್ನೇ ನುಂಗುತ್ತದೆ, ಗೋಲ್ಡ್‌ಫಿಶ್ ತಂಪುನೀರಿನದು, ಗಿಡವನ್ನೆಲ್ಲ ಮೇಯುತ್ತದೆ. ಕಮ್ಯುನಿಟಿ ಟ್ಯಾಂಕ್ ಅಂತ ಮಾರುವುದು ಬಹುತೇಕ ಇದನ್ನೇ: ಗಾಜಿನ ಈಚೆಯಿಂದ ನೋಡುವವರ ಕಣ್ಣಿಗೆ ಹಬ್ಬ.

"ಹೋಗ್ಲಿ, ಸಕ್ಕರ್ ಒಂದು ಇರ್ಲಿ ಆಂಟಿ, ಟ್ಯಾಂಕ್ ಕ್ಲೀನರ್ರು." ಬೆರಳುದ್ದ ಇತ್ತು. ಅದು ಒಂದಡಿ ಮೀರಿ ಬೆಳೆಯುವ ಜೀವ. ಕ್ಲೀನ್ ಮಾಡುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು.

ಒಂದು ಟ್ಯಾಂಕಿನಲ್ಲಿ ಇರಬೇಕಾದವರು ಒಂದೇ ನೀರು, ಒಂದೇ ಬಿಸಿ ಒಗ್ಗುವವರಾಗಿರಬೇಕು. ಒಬ್ಬರ ಬಾಯಿಗೆ ಇನ್ನೊಬ್ಬರು ಹಿಡಿಸಬಾರದು. ಒಬ್ಬರು ಮೇಲೆ ಓಡಾಡಿದರೆ ಇನ್ನೊಬ್ಬರು ನಡುವೆ, ಮತ್ತೊಬ್ಬರು ತಳದಲ್ಲಿ. ಗುಂಪಿನ ಮೀನಾದರೆ ಆರಕ್ಕಿಂತ ಕಡಿಮೆ ತರಲೇಬಾರದು, ಒಂಟಿ ಬಿಟ್ಟರೆ ಹೆದರಿ ಮೂಲೆ ಸೇರುತ್ತವೆ. ಈ ಜರಡಿಯಲ್ಲಿ ಹಿಡಿದಾಗ ನನ್ನ ಪಟ್ಟಿ ಚಿಕ್ಕದಾಯಿತು: ಝೀಬ್ರಾ ಡ್ಯಾನಿಯೊ, ಚೆರ್ರಿ ಬಾರ್ಬ್, ಹನಿ ಗೌರಾಮಿ. ಮೂರೂ ಈ ಉಪಖಂಡದ ಸುತ್ತಮುತ್ತಲವೇ.

ಇವತ್ತು ಡ್ಯಾನಿಯೊ ಮಾತ್ರ, ಎಂಟು. ಎಲ್ಲವನ್ನೂ ಒಂದೇ ದಿನ ತಂದರೆ ಬ್ಯಾಕ್ಟೀರಿಯಾಗೆ ಸುಧಾರಿಸಲಾಗದು.

15 ಡಿಸೆಂಬರ್, ಸೋಮವಾರ

ನಿನ್ನೆ ರಾತ್ರಿ ಚೀಲವನ್ನು ನೀರಲ್ಲಿ ತೇಲಿಬಿಟ್ಟು, ಆಮೇಲೆ ಸಣ್ಣ ನಳಿಗೆಯಿಂದ ಹನಿಹನಿಯಾಗಿ ನೀರು ಸೇರಿಸಿ, ಬಲೆಯಲ್ಲಿ ಎತ್ತಿ ಬಿಟ್ಟೆ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು. ರಾತ್ರಿಯೆಲ್ಲ ಗಿಡದ ಹಿಂದಿದ್ದವು, ಬೆಳಿಗ್ಗೆ ಹೊತ್ತಿಗೆ ಮೂರಡಿಯೂ ಅವುಗಳದೇ.

ಈ ಮೀನಿಗೆ ಶಾಸ್ತ್ರೀಯ ಹೆಸರಿಟ್ಟು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ. ಅವನೇ ನಮ್ಮ ಬುಕಾನನ್! ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಹೊಲ, ಬೆಳೆ, ಮಗ್ಗ, ಜಾತಿಗಳನ್ನೆಲ್ಲ ಬರೆದುಕೊಂಡವನು. ಬೆಂಗಳೂರಿನ ತೋಟಗಳನ್ನೂ ನೋಡಿ ಬರೆದಿದ್ದಾನೆ. ಮುಂದೆ ತಾಯಿಯ ಮನೆತನದ ಹೆಸರು ಹ್ಯಾಮಿಲ್ಟನ್ ಅನ್ನು ಇಟ್ಟುಕೊಂಡ. ಲೈಬ್ರರಿಯಲ್ಲಿ ಚರಿತ್ರೆಯ ಕಪಾಟಿನಲ್ಲಿ ಬುಕಾನನ್, ಪ್ರಾಣಿಶಾಸ್ತ್ರದ ಕಪಾಟಿನಲ್ಲಿ ಹ್ಯಾಮಿಲ್ಟನ್. ಇಬ್ಬರೂ ಒಬ್ಬನೇ ಎಂದರೆ ನಂಬದೆ ವಾದಕ್ಕೆ ನಿಂತ ಉಪನ್ಯಾಸಕರಿದ್ದರು. ಹನಿ ಗೌರಾಮಿಯೂ ಅದೇ ಪುಸ್ತಕದ್ದು.

ಇವರ ಹತ್ತಿರ ಹೇಳಿದೆ: ಈ ಮೀನಿನ ಮೊಟ್ಟೆ, ಮರಿ ಗಾಜಿನಷ್ಟು ಪಾರದರ್ಶಕ, ಹೃದಯ ಬಡಿಯುವುದು ಹೊರಗೇ ಕಾಣುತ್ತದೆ, ಅದಕ್ಕೇ ನಮ್ಮೂರಿನ ಎನ್‌ಸಿಬಿಎಸ್‌ನಂಥ ಪ್ರಯೋಗಾಲಯಗಳೂ ಇದನ್ನು ಸಾಕುತ್ತವೆ. ಇದರ ಜೀನೋಮ್ ಪೂರ್ತಿ ಓದಿ 2013ರಲ್ಲಿ ಪ್ರಕಟಿಸಿದಾಗ, ಮನುಷ್ಯರ ಜೀನ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಇದರಲ್ಲೂ ಜೋಡಿ ಸಿಕ್ಕಿತು. ಇವರು ಕನ್ನಡಕ ಏರಿಸಿ ಒಂದು ಡ್ಯಾನಿಯೊವನ್ನು ದಿಟ್ಟಿಸಿ, "ನಿಮ್ಮಣ್ಣನ ಥರಾನೇ ಇದೆ" ಎಂದರು.

26 ಡಿಸೆಂಬರ್, ಶುಕ್ರವಾರ

ಚಳಿ. ಬೆಳಗ್ಗೆ ಆರಕ್ಕೆ ನೀರು 20 ಡಿಗ್ರಿ. ಡ್ಯಾನಿಯೊಗೆ ಇದೇನೂ ಅಲ್ಲ, ಆದರೆ ಗೌರಾಮಿಗೆ ಆಗದು. 150 ವ್ಯಾಟಿನ ಹೀಟರ್ ಹಾಕಿ 25ಕ್ಕೆ ನಿಲ್ಲಿಸಿದೆ. ನೀರು ಬದಲಿಸುವಾಗ ಹೀಟರ್ ಆಫ್ ಮಾಡಬೇಕು, ನೀರಿನಿಂದ ಹೊರಗೆ ಉರಿದರೆ ಗಾಜು ಒಡೆಯುತ್ತದೆ. ಸ್ವಿಚ್ಚಿನ ಪಕ್ಕ ಚೀಟಿ ಅಂಟಿಸಿದ್ದೇನೆ.

ಚೆರ್ರಿ ಬಾರ್ಬ್ ಎಂಟು ತಂದೆ. ನೇರ ಬಿಡದೆ ಬಚ್ಚಲಲ್ಲಿ ನೀಲಿ ಟಬ್ಬಿನಲ್ಲಿ ಸ್ಪಂಜ್ ಫಿಲ್ಟರ್ ಹಾಕಿ ಇಟ್ಟಿದ್ದೇನೆ. ಬಿಳಿಚುಕ್ಕಿ ರೋಗ ಹೊತ್ತು ಬಂದಿದ್ದರೆ ಇಲ್ಲೇ ಗೊತ್ತಾಗಲಿ. ಆ ಚುಕ್ಕಿ ಮೈಮೇಲಿರುವಷ್ಟು ದಿನ ಔಷಧಿ ತಟ್ಟುವುದಿಲ್ಲ. ಉದುರಿ ತಳದಲ್ಲಿ ಒಡೆದು ಮರಿಗಳು ಈಜತೊಡಗಿದಾಗಲೇ ತಟ್ಟುವುದು. ಗಿಡ, ಮಣ್ಣು ಇರುವ ಟ್ಯಾಂಕಿನಲ್ಲಿ ಔಷಧಿ ಹಾಕುವ ಪಾಡು ಬೇಡ. ಸ್ನಾನಕ್ಕೆ ಜಾಗವಿಲ್ಲ ಎಂದು ಇವರ ದೂರು. ಮೂರು ವಾರ ಸಹಿಸಿಕೊಳ್ಳಿ ಎಂದೆ.

11 ಜನವರಿ 2026, ಭಾನುವಾರ

ಹೈದರಾಬಾದಿನಿಂದ ಮಗನ ಫೋನು. "ಅಮ್ಮಾ, ಇಷ್ಟೆಲ್ಲ ಮಾಡಿದ್ಮೇಲೆ ಮಿಸ್ ಕೇರಳ ಹಾಕು, ನಿನ್ನೂರಿನ ಮೀನೇ ಅದು." ಬೆಳ್ಳಿ ಮೈ, ಕಣ್ಣಿಂದ ಹೊರಟ ಕೆಂಪು ಗೆರೆ, ಅದರಡಿ ಕಪ್ಪು ಗೆರೆ, ಬಾಲಕ್ಕೆ ಹಳದಿ ಕಪ್ಪು ಬೊಟ್ಟು. ಡೆನಿಸನ್ ಬಾರ್ಬ್. ಆಗಿನ ಮದ್ರಾಸ್ ಗವರ್ನರ್ ಡೆನಿಸನ್ ಹೆಸರಲ್ಲಿ 1865ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ್ದು. 2013ರಲ್ಲಿ ಸಹ್ಯಾದ್ರಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ಕೇರಳದ ಹೊಳೆಗಳ ಜೊತೆಗೆ ಚಂದ್ರಗಿರಿ ಹೊಳೆಯಲ್ಲೂ ಇದೆ, ಅಂದರೆ ನಮ್ಮ ಸುಳ್ಯದ ಪಯಸ್ವಿನಿ. ಮಗ ಹೇಳಿದ್ದು ಸುಳ್ಳಲ್ಲ. ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಕಾಲು ಕಚ್ಚುತ್ತಿದ್ದ ಮೀನುಗಳು ನೆನಪಿವೆ, ಕೆಂಪು ಗೆರೆಯದು ಕಂಡ ನೆನಪಿಲ್ಲ.

ಬೇಡ ಅಂದೆ. ಅರ್ಧ ಅಡಿ ಬೆಳೆಯುತ್ತದೆ, ಗುಂಪಿನಲ್ಲಿ ರಭಸದ ನೀರಲ್ಲಿ ಓಡುವ ಮೀನು. ಮೂರಡಿ ಅದಕ್ಕೆ ಮೂಗು ತಿರುಗಿಸಲೂ ಸಾಲದು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅಕ್ವೇರಿಯಂ ವ್ಯಾಪಾರಕ್ಕೆಂದು ಹೊಳೆಗಳಿಂದ ಬಾಚಿ ಬಾಚಿ ಇವತ್ತು ಅದು ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿ. ಮರಿ ಮಾಡಿಸುವ ವಿದ್ಯೆ ಈಗ ಕೈಗೆ ಬಂದಿದೆ ನಿಜ. ಆದರೆ ಅಂಗಡಿಯ ತೊಟ್ಟಿಯಲ್ಲಿ ಈಜುವುದು ಫಾರ್ಮಿನದೋ ಹೊಳೆಯದೋ ಎಂದು ಮುಖ ನೋಡಿ ಹೇಳಲಾಗುತ್ತದೆಯೇ? ಊರಿನ ಮೀನು ಎಂಬ ಅಭಿಮಾನಕ್ಕೆ ಅದನ್ನು ಊರಲ್ಲೇ ಬಿಟ್ಟರೆ ಒಳ್ಳೆಯದು. ಚೆರ್ರಿ ಬಾರ್ಬ್ ಕೂಡ ಶ್ರೀಲಂಕಾದ ಕಾಡುತೊರೆಗಳಲ್ಲಿ ಕಷ್ಟದಲ್ಲೇ ಇದೆ, ಆದರೆ ಅದನ್ನು ಫಾರ್ಮ್‌ಗಳು ಎಷ್ಟು ಸುಲಭವಾಗಿ ಹುಟ್ಟಿಸುತ್ತವೆಂದರೆ ಯಾರೂ ತೊರೆಗೆ ಇಳಿಯುವ ತೊಂದರೆ ತೆಗೆದುಕೊಳ್ಳುವುದಿಲ್ಲ. "ಲೆಕ್ಚರ್ ಸಾಕಮ್ಮಾ" ಎಂದು ಫೋನ್ ಅಜ್ಜಿಗೆ ಕೊಡಲು ಹೇಳಿದ.

25 ಜನವರಿ, ಭಾನುವಾರ

ಚೆರ್ರಿ ಬಾರ್ಬ್‌ಗಳು ಟಬ್ ಬಿಟ್ಟು ಟ್ಯಾಂಕ್ ಸೇರಿ ವಾರವಾಯಿತು. ಟಬ್ಬಿನಲ್ಲಿ ಮಾಸಿದ ಇಟ್ಟಿಗೆಯಂತಿದ್ದ ಗಂಡುಗಳು ಗಿಡದ ನೆರಳು ಸಿಕ್ಕಮೇಲೆ ಕುಂಕುಮದ ಬಣ್ಣಕ್ಕೆ ತಿರುಗಿವೆ. ಖಾಲಿಯಾದ ಟಬ್ಬಿಗೆ ಹನಿ ಗೌರಾಮಿ ಜೋಡಿ ಬಂದಿದೆ. ಇವರ ಸ್ನಾನ ಮತ್ತೆ ಇಕ್ಕಟ್ಟು. ಗಂಡು ಯಾವುದೆಂದು ಅಂಗಡಿಯಲ್ಲಿ ತಿಳಿದಿರಲಿಲ್ಲ, ಇಲ್ಲಿ ಬಂದು ಎರಡನೇ ದಿನಕ್ಕೆ ಒಂದರ ಗಂಟಲಿಂದ ಹೊಟ್ಟೆಯವರೆಗೆ ಕಪ್ಪುನೀಲಿ ಇಳಿಯಿತು, ಮಿಕ್ಕ ಮೈ ಜೇನಿನ ಬಣ್ಣ.

ಎದೆಯಡಿಯ ಎರಡು ರೆಕ್ಕೆಗಳು ದಾರದಷ್ಟು ಸಣ್ಣ. ಅವನ್ನು ಮುಂದೆ ಚಾಚಿ ಎಲೆಯನ್ನು, ಟಬ್ಬಿನ ಗೋಡೆಯನ್ನು, ಹೆಣ್ಣಿನ ಬೆನ್ನನ್ನು ಮುಟ್ಟಿ ಮುಟ್ಟಿ ನೋಡುತ್ತದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ, ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಇದಕ್ಕಿದೆ. ಹಾಗಾಗಿ ಮೇಲೆ ಮುಚ್ಚಳ ಇರಬೇಕು, ನೀರಿಗೂ ಮುಚ್ಚಳಕ್ಕೂ ನಡುವೆ ಎರಡಿಂಚು ಬೆಚ್ಚನೆ ಗಾಳಿಯೂ ಇರಬೇಕು.

ಊಟದ ಖಾತೆ ಈಗ ಅತ್ತೆಯದು. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಎರಚಿದ ಕೈ ಅದು, ಚಿಟಿಕೆ ಎಂದರೆ ಮುಷ್ಟಿಯಾಗುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ಮಿಕ್ಕದ್ದು ಅಮೋನಿಯಾ ಎಂದೆ. "ಪಾಪ, ಕೇಳ್ತವಲ್ಲೇ." ಯಾವ ಬಗೆಯ ಮೀನಿಗೆ ಯಾವ ಉಂಡೆ ಹಾಕಬೇಕೆಂದು ಕಲ್ಯಾಣದ ಚಾಲುಕ್ಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಬರೆದಿಟ್ಟಿದ್ದಾನೆ ಅಂದೆ. ಅವನು ಬರೆದದ್ದು ಗಾಳ ಹಾಕಿ ಹಿಡಿಯಲು ಎಂಬುದನ್ನು ಅತ್ತೆಗೆ ಹೇಳಲಿಲ್ಲ. ಹಳೇ ಮಾತ್ರೆಡಬ್ಬಿಯಲ್ಲಿ ದಿನಕ್ಕೊಂದು ಖಾನೆಯಂತೆ ಅಳೆದಿಟ್ಟಿದ್ದೇನೆ. ಅವರ ಬಿಪಿ ಮಾತ್ರೆಯ ಡಬ್ಬಿ ಬೇರೆ ಬಣ್ಣದ್ದು.

8 ಫೆಬ್ರವರಿ, ಭಾನುವಾರ

ಹೈಗ್ರೊಫಿಲಾ ಮೇಲ್ಮಟ್ಟ ಮುಟ್ಟಿ ಅಡ್ಡ ಬಿದ್ದಿತ್ತು, ಅರ್ಧ ಕತ್ತರಿಸಿದೆ. ರೋಟಾಲಾದ ಹಳೇ ಗುಂಡೆಲೆ ಉದುರಿ ನೀರೊಳಗೆ ಹುಟ್ಟಿದ ಹೊಸ ಎಲೆಗಳೆಲ್ಲ ಸೂಜಿಯಂತೆ ಸಪೂರ, ತುದಿ ಕೆಂಪು. ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ ತೊಳೆದೆ. ನಲ್ಲಿಯಡಿ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ನೈಟ್ರೇಟ್ 10. ಗೌರಾಮಿಗಳನ್ನು ಮುಂದಿನ ವಾರದ ಕೊನೆಗೆ ಬಿಡಬಹುದು.

ಕತ್ತರಿಸಿದ ಗಿಡ ಒಂದು ಬಕೆಟ್ ತುಂಬ ಆಯಿತು. ಮೇಲಿನ ಮನೆಯವರಿಗೆ ಬೇಕೇನೋ ಎಂದು ಕೇಳಲು ಹೋದರೆ ಅವರದು ಬೇರೆಯೇ ಕತೆ. ಅವರ ಸಣ್ಣ ಟ್ಯಾಂಕಿನಲ್ಲಿ ಸಕ್ಕರ್ ಒಂದು ಮೊಳದಷ್ಟಾಗಿದೆ, ತಿರುಗಲು ಜಾಗವಿಲ್ಲದೆ ಬಾಲ ಬಗ್ಗಿಸಿಕೊಂಡು ಮಲಗಿದೆ. "ಕೊಲ್ಲಕ್ಕೆ ಮನಸ್ಸು ಬರಲ್ಲ ಆಂಟಿ. ಕೆಂಪಾಂಬುಧಿ ಕೆರೆಗೆ ಬಿಟ್ಟುಬಿಡೋಣ ಅಂತಿದ್ವಿ, ಪುಣ್ಯ ಬರತ್ತೆ."

ಪುಣ್ಯ! ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಎಲುಬಿನ ಕವಚ, ನಮ್ಮ ಹಕ್ಕಿಗಳಿಗೆ ನುಂಗಲು ಬರುವುದಿಲ್ಲ. ಗಾಳಿ ಕುಡಿದೂ ಬದುಕುತ್ತದೆ, ಹಾಗಾಗಿ ಚರಂಡಿ ನೀರು ಸೇರುವ ಕೆರೆಯಲ್ಲೂ ಸಾಯುವುದಿಲ್ಲ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಹೀಗೆ ಪುಣ್ಯಕ್ಕೆ ಬಿಟ್ಟವೇ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಸಂಸಾರ ಹೂಡಿ, ಮೀನುಗಾರರ ಬಲೆ ಹರಿಯುತ್ತಿವೆ. ಕತ್ತರಿಸಿದ ಗಿಡಕ್ಕೂ ಅದೇ ಮಾತು: ಕೆರೆಗೂ ಬೇಡ, ಚರಂಡಿಗೂ ಬೇಡ, ಮಿಕ್ಕದ್ದನ್ನು ಒಣಗಿಸಿ ಕರಿಬೇವಿನ ಬುಡಕ್ಕೆ ಹಾಕಿದೆ.

ಅವರ ಮನೆಯಿಂದಲೇ ಅಂಗಡಿಗೆ ಫೋನ್ ಹಚ್ಚಿದೆ. ಹುಡುಗ ಮೊದಲು ರಾಗ ಎಳೆದ. ಮಾರಿದವನು ನೀನಲ್ಲದಿದ್ದರೂ ಇಂಥವನ್ನೇ ಮಾರುವವನು ನೀನು, ದೊಡ್ಡ ತೊಟ್ಟಿ ಇಟ್ಟಿರುವವರಿಗೆ ಕೊಡು ಎಂದೆ. "ತನ್ನಿ ಆಂಟಿ, ಆದ್ರೆ ದುಡ್ಡು ಕೊಡಲ್ಲ" ಎಂದ. ಯಾರು ಕೇಳಿದರು? ಮಂಗಳವಾರ ಮೂಟೆ ಕಟ್ಟಿ ಹೊರಡುವುದು. ಮುಚ್ಚಳವಿರುವ ಬಕೆಟ್ಟು, ಬ್ಯಾಟರಿ ಏರ್‌ಪಂಪು ನನ್ನದು. ಆಟೋ ದುಡ್ಡು ಅವರದು.